ಫ್ರೆಡ್–ಜಿಂಜರ್ ಕಾಲದ ಜೋಡಿ ನೃತ್ಯಗಳು: ಯೂಟ್ಯೂಬಿನಲ್ಲಿ ಯಾವ ಪ್ರತಿ ನೋಡಬೇಕು, ಏನನ್ನು ಗಮನಿಸಬೇಕು?

ಮ್ಯಾಟಿನಿ_ಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಹಳೆಯ ಹಾಲಿವುಡ್ ಚಿತ್ರಗಳ ಫ್ರೆಡ್ ಅಸ್ಟೇರ್–ಜಿಂಜರ್ ರಾಜರ್ಸ್, ಜೀನ್ ಕೆಲ್ಲಿ–ಸಿಡ್ ಶರೀಸ್ ಜೋಡಿಗಳ ನೃತ್ಯಗಳು ಯೂಟ್ಯೂಬಿನಲ್ಲಿ ರಾಶಿ ಬಿದ್ದಿವೆ. ಒಂದೇ ನೃತ್ಯ ಒಂದು ಕಡೆ ಕಪ್ಪು–ಬಿಳುಪು, ಇನ್ನೊಂದು ಕಡೆ ಬಣ್ಣ ಹಚ್ಚಿದ್ದು, ಮತ್ತೊಂದು ಕಡೆ "4ಕೆ 60 ಎಫ್‌ಪಿಎಸ್". ಯಾವುದನ್ನು ನಂಬಿ ನೋಡುವುದು? ಭರತನಾಟ್ಯ ಕಲಿತವರಿಗೆ ಅಡವು, ಜತಿ ತಿಳಿಯುತ್ತದೆ, ಟ್ಯಾಪ್ (ಶೂ ಅಡಿಯ ಲೋಹದಿಂದ ನೆಲದ ಮೇಲೆ ಲಯ ಬಾರಿಸುವ ನೃತ್ಯ) ಮಾತ್ರ ಬರೀ ಟಕಟಕ ಸದ್ದಾಗಿ ಕೇಳುತ್ತದೆ. ಎಲ್ಲಿಂದ ಶುರು ಮಾಡಬೇಕು, ಕಣ್ಣು ಎಲ್ಲಿಡಬೇಕು, ಗೊತ್ತಿದ್ದವರು ದಯವಿಟ್ಟು ವಿವರವಾಗಿ ಬರೆಯಿರಿ.

ರೀಲುಡಬ್ಬಿ

ಮೊದಲು ಪ್ರತಿಯ ವಿಚಾರ ಮುಗಿಸೋಣ ಮೇಡಂ. ಕೆಟ್ಟ ಪ್ರತಿಯಲ್ಲಿ ಎಂಥ ನೃತ್ಯವೂ ಸತ್ತುಹೋಗುತ್ತದೆ.

1930, 40ರ ದಶಕದ ಹಾಲಿವುಡ್ ಚಿತ್ರಗಳ ಚೌಕಟ್ಟಿನ ಅಗಲ–ಎತ್ತರದ ಪ್ರಮಾಣ 1.37:1, ಅಂದರೆ ಹೆಚ್ಚುಕಡಿಮೆ ಹಳೆಯ ಟೀವಿಯ ಆಕಾರ. ಈಗಿನ 16:9 ಪರದೆಯಲ್ಲಿ ಎಡಬಲಕ್ಕೆ ಕಪ್ಪು ಪಟ್ಟಿ ಬರಲೇಬೇಕು. ಪಟ್ಟಿ ಇಲ್ಲದೆ ಪರದೆ ಪೂರ್ತಿ ತುಂಬಿದೆ ಅಂದರೆ ಎರಡರಲ್ಲಿ ಒಂದು ಆಗಿದೆ. ಒಂದೋ ಚಿತ್ರವನ್ನು ಅಡ್ಡಕ್ಕೆ ಸುಮಾರು ಶೇ. 30ರಷ್ಟು ಹಿಗ್ಗಿಸಿದ್ದಾರೆ, ಇಲ್ಲವೇ ಮೇಲೆ ಕೆಳಗೆ ಸೇರಿ ಎತ್ತರದ ಶೇ. 23ರಷ್ಟನ್ನು ಕತ್ತರಿಸಿದ್ದಾರೆ. ಹಿಗ್ಗಿಸಿದ್ದನ್ನು ಸರಿಪಡಿಸಬಹುದು. ಕತ್ತರಿಸಿದ್ದರಲ್ಲಿ ಹೋಗುವುದು ಪಾದ, ಅದಕ್ಕೆ ಮದ್ದಿಲ್ಲ. ಅಸ್ಟೇರ್ ಹಟ ಹಿಡಿದದ್ದೇ ಇದಕ್ಕೆ: ತಲೆಯಿಂದ ಪಾದದವರೆಗೆ ಇಡೀ ಮೈ ಕಾಣಬೇಕು, ಕ್ಯಾಮೆರಾ ಜೊತೆಗೆ ಸರಿಯಬೇಕೇ ಹೊರತು ನಡುನಡುವೆ ಮುಖಕ್ಕೆ, ಕಾಲಿಗೆ ಹಾರಬಾರದು, ಸಾಧ್ಯವಾದಷ್ಟೂ ಕಟ್ ಇರಬಾರದು. ಅಂಥ ನೃತ್ಯವನ್ನು ಪಾದ ಬಿಟ್ಟು ನೋಡಿದರೆ ಏನು ಉಳಿಯುತ್ತದೆ? ಮೊಬೈಲಿನಲ್ಲಿ ಎರಡು ಬೆರಳಿಟ್ಟು ಪರದೆ ತುಂಬಿಸುವ ಅಭ್ಯಾಸ ಇದ್ದವರು ಈ ವಿಡಿಯೊಗಳ ಮಟ್ಟಿಗೆ ಅದನ್ನು ಬಿಡಿ.

60 ಎಫ್‌ಪಿಎಸ್ ವಿಚಾರ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ, ಅಂದರೆ 24 ಬಿಡಿ ಚಿತ್ರಗಳಲ್ಲಿ. ಅದನ್ನು 60 ಮಾಡುವಾಗ ಸೆಕೆಂಡಿಗೆ ಕನಿಷ್ಠ 36 ಚೌಕಟ್ಟನ್ನು ಸಾಫ್ಟ್‌ವೇರ್ ಊಹಿಸಿ ತುಂಬುತ್ತದೆ. ನಿಧಾನದ ವಾಲ್ಟ್ಸ್ ಇದ್ದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ಸೆಕೆಂಡಿಗೆ ಎಂಟು ಟ್ಯಾಪ್ ಬೀಳುವ ಕಡೆ ಒಂದೊಂದು ಟ್ಯಾಪಿಗೆ ಮೂಲದಲ್ಲಿ ಇರುವುದೇ ಮೂರು ಚೌಕಟ್ಟು. ಕಾಲು ನೆಲ ಮುಟ್ಟಿದ ಚೌಕಟ್ಟಿಗೂ ಎದ್ದ ಚೌಕಟ್ಟಿಗೂ ನಡುವೆ ಯಂತ್ರ ಏನನ್ನೋ ಸವರಿಬಿಡುತ್ತದೆ. ಶೂ ತುದಿ ಕರಗಿದಂತೆ, ಕೆಲವೊಮ್ಮೆ ಎರಡು ಪಾದ ಒಂದೇ ಆದಂತೆ ಕಾಣುತ್ತದೆ. ಸಂದೇಹ ಇದ್ದರೆ ವಿಡಿಯೊ ನಿಲ್ಲಿಸಿ, ಕಂಪ್ಯೂಟರಿನಲ್ಲಿ ಪೂರ್ಣವಿರಾಮದ ಕೀಲಿ ಒತ್ತುತ್ತ ಒಂದೊಂದೇ ಚೌಕಟ್ಟು ಮುಂದೆ ಹೋಗಿ (ಹಿಂದೆ ಬರಲು ಅಲ್ಪವಿರಾಮದ ಕೀಲಿ). ಪಾದದ ಅಂಚು ನೋಡಿದರೆ ಬಂಡವಾಳ ಬಯಲಾಗುತ್ತದೆ. ಮನೆಯ ಟೀವಿಯೂ ಇದೇ ಕೆಲಸ ತಾನಾಗಿ ಮಾಡುತ್ತಿರಬಹುದು: ಸ್ಯಾಮ್‌ಸಂಗ್‌ನಲ್ಲಿ ಆಟೊ ಮೋಷನ್ ಪ್ಲಸ್, ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ ಅಂತ ಇರುತ್ತದೆ. ಅದನ್ನು ಆಫ್ ಮಾಡಿ.

ಬಣ್ಣ ಹಚ್ಚಿದ್ದೂ ಬೇಡ. ಆರ್‌ಕೆಓ ಸ್ಟುಡಿಯೊದವರು ಫ್ರೆಡ್–ಜಿಂಜರ್ ಚಿತ್ರಗಳಿಗೆ ಬಿಳಿಬಿಳಿಯಾದ ದೊಡ್ಡ ಸೆಟ್ ಹಾಕಿ, ಅದರ ಮುಂದೆ ಕಪ್ಪು ಟೇಲ್‌ಕೋಟ್ ನಿಲ್ಲಿಸುತ್ತಿದ್ದರು. ಮೈಯ ರೇಖೆ ಕತ್ತರಿಸಿಟ್ಟಂತೆ ಕಾಣುವುದು ಆ ಕಪ್ಪು–ಬಿಳುಪಿನ ಎದುರಾಟದಿಂದ. ಗೋಡೆಗೆ ತಿಳಿಗುಲಾಬಿ, ನೆಲಕ್ಕೆ ಕಂದು ಬಳಿದರೆ ಕಾಲಿನ ರೇಖೆ ಹಿನ್ನೆಲೆಯೊಳಗೆ ಸೇರಿಹೋಗುತ್ತದೆ.

ಇನ್ನು ಹೊಸ ಹಾಡಿಗೆ ಹೊಂದಿಸಿದ ಮ್ಯಾಷಪ್‌ಗಳು. ಖುಷಿ ಕೊಡುತ್ತವೆ, ಯಾವ ಯಾವ ನರ್ತಕರಿದ್ದರು ಎಂದು ತಿಳಿಯಲು ಒಳ್ಳೆಯ ಬಾಗಿಲು. ಆದರೆ ತಾಳಕ್ಕೆ ಕೂರಿಸಲು ವೇಗ ಏರಿಸಿ ಇಳಿಸಿರುತ್ತಾರೆ, ಮೂಲದ ಟ್ಯಾಪ್ ಸದ್ದು ಪೂರ್ತಿ ಹೋಗಿರುತ್ತದೆ. ಅಲ್ಲಿ ಇಷ್ಟವಾದ ತುಣುಕಿನ ಮೂಲವನ್ನು ಹುಡುಕಿ ನೋಡಿ. ಹುಡುಕುವಾಗ ನರ್ತಕರ ಹೆಸರಿಗಿಂತ ಚಿತ್ರದ ಹೆಸರು, ವರ್ಷ, ಹಾಡಿನ ಹೆಸರು ಮೂರನ್ನೂ ಕೊಟ್ಟರೆ ಪೂರ್ತಿ ನೃತ್ಯ ಸಿಗುವ ಸಾಧ್ಯತೆ ಹೆಚ್ಚು.

ಹೆಜ್ಜೆಗುರುತು

ರೀಲುಡಬ್ಬಿ ಅವರು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ: ನೃತ್ಯ ಶುರುವಾಗುವ ಕ್ಷಣದಿಂದ ನೋಡಬೇಡಿ, ಅದಕ್ಕೆ ಮುಂಚಿನ ಒಂದೆರಡು ನಿಮಿಷದ ಮಾತುಕತೆಯನ್ನೂ ಸೇರಿಸಿ ನೋಡಿ. ಈ ಜೋಡಿಗಳ ಒಳ್ಳೆಯ ನೃತ್ಯಗಳಲ್ಲಿ ಕಥೆ ನಿಂತು ಕುಣಿತ ಬರುವುದಲ್ಲ, ಮಾತಿನಲ್ಲಿ ಬಗೆಹರಿಯದ್ದು ಕಾಲಿನಲ್ಲಿ ಬಗೆಹರಿಯುತ್ತದೆ. ಯಾರು ಶುರು ಮಾಡಿದರು, ಯಾರು ಉತ್ತರ ಕೊಟ್ಟರು, ಯಾವಾಗ ಮೊದಲು ಮುಟ್ಟಿದರು, ಈ ಮೂರು ಪ್ರಶ್ನೆ ಇಟ್ಟುಕೊಂಡು ನೋಡಿದರೆ ಟ್ಯಾಪ್ ಬಾರದವರಿಗೂ ಮುಕ್ಕಾಲು ಪಾಲು ತಿಳಿಯುತ್ತದೆ.

ಶುರು ಮಾಡಲು 'ಟಾಪ್ ಹ್ಯಾಟ್' (1935) ಚಿತ್ರದ 'ಇಸಿಂಟ್ ದಿಸ್ ಎ ಲವ್ಲಿ ಡೇ' ಹಾಕಿಕೊಳ್ಳಿ. ಹಾಡು ಇರ್ವಿಂಗ್ ಬರ್ಲಿನ್ ಅವರದು. ಮಳೆ ಬರುತ್ತಿದೆ, ಪಾರ್ಕಿನ ಬ್ಯಾಂಡ್ ಕಟ್ಟೆಯೊಳಗೆ ಇಬ್ಬರೂ ಸಿಕ್ಕಿಕೊಂಡಿದ್ದಾರೆ, ಅವಳಿಗೆ ಅವನನ್ನು ಕಂಡರೆ ಆಗುವುದಿಲ್ಲ. ಅವಳದು ಕುದುರೆ ಸವಾರಿಯ ಉಡುಪು, ಪ್ಯಾಂಟು. ಇದರಿಂದ ಒಂದು ದೊಡ್ಡ ಲಾಭ: ಗೌನ್ ಅಡ್ಡ ಇಲ್ಲ, ಜಿಂಜರ್ ಕಾಲು ಪೂರ್ತಿ ಕಾಣುತ್ತದೆ. ಅವನು ಹಾಡಿ ಮುಗಿಸಿ ಶಿಳ್ಳೆ ಹಾಕುತ್ತ ಅಡ್ಡಾಡುತ್ತಾನೆ. ಅವಳು ಎದ್ದು ಹಿಂದೆ ಹಿಂದೆ ಅವನ ನಡಿಗೆಯನ್ನೇ ಅಣಕಿಸುತ್ತ ನಡೆಯುತ್ತಾಳೆ. ಅವನು ಒಂದು ಹೆಜ್ಜೆ ಹಾಕಿ ನಿಲ್ಲುತ್ತಾನೆ, ಅವಳು ಅದೇ ಹೆಜ್ಜೆ ಹಾಕಿ, ಇಷ್ಟೇ ತಾನೆ ಅನ್ನುವ ಮುಖ ಮಾಡುತ್ತಾಳೆ. ಅವನು ತಿರುಗುತ್ತಾನೆ, ಇವಳೂ ತಿರುಗುತ್ತಾಳೆ. ಬಹಳ ಹೊತ್ತು ಕೈ ಮುಟ್ಟುವುದೇ ಇಲ್ಲ. ಗುಡುಗು ಬಡಿದ ಮೇಲೆ ವೇಗ ಏರುತ್ತದೆ, ಆಮೇಲೆ ಒಬ್ಬರನ್ನೊಬ್ಬರು ಹಿಡಿದು ಸುತ್ತುತ್ತಾರೆ. ಆಗಲೂ ಅವಳು ಸುಮ್ಮನೆ ಸುತ್ತಿಸಿಕೊಳ್ಳುವವಳಲ್ಲ, ಅವನನ್ನೂ ಸುತ್ತಿಸುತ್ತಾಳೆ. ಕೊನೆಗೆ ಕಟ್ಟೆಯ ಅಂಚಿನಲ್ಲಿ ಕೂತು ಕೈ ಕುಲುಕುತ್ತಾರೆ. ಮುತ್ತಿಲ್ಲ, ಅಪ್ಪುಗೆಯಿಲ್ಲ. ಒಂದು ಜಗಳ ಸ್ನೇಹವಾದದ್ದು ಅಷ್ಟರಲ್ಲೇ ಗೊತ್ತಾಗುತ್ತದೆ.

ಇದನ್ನು ಮೂರು ಸಲ ನೋಡಿ. ಮೊದಲ ಸಲ ಹಾಗೇ. ಎರಡನೇ ಸಲ ಜಿಂಜರ್ ಒಬ್ಬರನ್ನೇ, ಅದರಲ್ಲೂ ಭುಜ ಮತ್ತು ಮುಖ. ಮೂರನೇ ಸಲ 0.75 ವೇಗದಲ್ಲಿ ನಾಲ್ಕು ಪಾದಗಳನ್ನು ಮಾತ್ರ.

ಆಮೇಲೆ 'ಸ್ವಿಂಗ್ ಟೈಮ್' (1936) ಚಿತ್ರದ 'ಪಿಕ್ ಯುವರ್‌ಸೆಲ್ಫ್ ಅಪ್'. ಸಂಗೀತ ಜೆರೋಮ್ ಕರ್ನ್, ಸಾಹಿತ್ಯ ಡೊರೊತಿ ಫೀಲ್ಡ್ಸ್. ನಾಯಕ ಕಾಲು ಬಾರದವನಂತೆ ನಟಿಸಿ ಬಿದ್ದುಬಿದ್ದು ಅವಳ ಕೆಲಸಕ್ಕೇ ಕುತ್ತು ತಂದಿರುತ್ತಾನೆ. ಅವಳ ಕೆಲಸ ಉಳಿಸಲು, ಇವಳು ಎಷ್ಟು ಚೆನ್ನಾಗಿ ಕಲಿಸಿದ್ದಾಳೆ ನೋಡಿ ಅಂತ ಮಾಲೀಕನ ಮುಂದೆ ಕುಣಿದು ತೋರಿಸುತ್ತಾನೆ. ಮೊದಲ ಹೆಜ್ಜೆಗೆ ಜಿಂಜರ್ ಮುಖದಲ್ಲಿ ಬರುವ ಬೆರಗನ್ನು ನೋಡಲು ಮರೆಯಬೇಡಿ. ಕೊನೆಯಲ್ಲಿ ನೆಲದ ಸುತ್ತ ಇರುವ ಗಿಡ್ಡ ಕಟಕಟೆಯ ಆಚೆಗೂ ಈಚೆಗೂ ಇಬ್ಬರೂ ಹಾರುತ್ತಾರೆ. ಎತ್ತುವ ಶ್ರಮ ಎಲ್ಲೂ ಕಾಣುವುದಿಲ್ಲ, ಯಾಕೆಂದರೆ ಅವಳು ತಾನೇ ಮೊಣಕಾಲು ಮಡಿಸಿ ನೆಗೆಯುತ್ತಾಳೆ, ಅವನ ಕೈ ಆ ನೆಗೆತಕ್ಕೆ ದಿಕ್ಕು ಕೊಡುತ್ತದೆ ಅಷ್ಟೇ. ಜೋಡಿ ನೃತ್ಯದಲ್ಲಿ ಎತ್ತುವುದು ಕೆಡುವುದು ಇಲ್ಲೇ: ಮೇಲೆ ಹೋಗುವವರು ಒಂದು ಎಣಿಕೆ ತಡವಾಗಿ ನೆಗೆದರೂ ಎತ್ತುವವರ ಸೊಂಟಕ್ಕೆ ಇಡೀ ಭಾರ ಬೀಳುತ್ತದೆ.

ಮ್ಯಾಟಿನಿ_ಮಲ್ಲಿಗೆ

ಇದೇ ಬೇಕಿತ್ತು ನನಗೆ, ತುಂಬ ಧನ್ಯವಾದ. ಈ ಹಾಡುಗಳನ್ನು ಎಣಿಸುವುದು ಹೇಗೆ? ಆದಿ ತಾಳ ಹಾಕಿ ಕೂತರೆ ಕೂರುತ್ತದೆಯೇ?

ತಕಧಿಮಿ

ಕೂರುತ್ತದೆ ಮೇಡಂ, ಬಹಳ ಮಟ್ಟಿಗೆ. ಇವುಗಳ ಬಹುಪಾಲು ಹಾಡುಗಳು ನಾಲ್ಕು ಎಣಿಕೆಯ ಬಾರ್‌ಗಳಲ್ಲಿ (ಪಾಶ್ಚಾತ್ಯ ಸಂಗೀತದಲ್ಲಿ ತಾಳದ ಒಂದು ಅಳತೆ) ಇರುತ್ತವೆ. ಎರಡು ಬಾರ್ ಸೇರಿದರೆ ಎಂಟು ಅಕ್ಷರ, ಅಂದರೆ ಆದಿ ತಾಳದ ಒಂದು ಆವರ್ತನ. ಆ ಕಾಲದ ಸಾಮಾನ್ಯ ಹಾಡಿನ ಅಚ್ಚು 32 ಬಾರ್: ಎಂಟು ಬಾರಿನ ಒಂದು ಮಟ್ಟು, ಅದೇ ಮತ್ತೊಮ್ಮೆ, ನಡುವೆ ಎಂಟು ಬಾರು ಬೇರೆ ಮಟ್ಟು, ಮತ್ತೆ ಮೊದಲಿನದು. ಒಟ್ಟು 16 ಆವರ್ತನ. ನೃತ್ಯ ಈ ಅಚ್ಚಿನ ಮೇಲೇ ಕೂತಿರುವುದರಿಂದ ಮಟ್ಟು ಬದಲಾದ ಕಡೆ ಹೆಜ್ಜೆಯ ಬಗೆಯೂ ಬದಲಾಗುತ್ತದೆ. ಅದನ್ನು ಹಿಡಿದರೆ ನೃತ್ಯದ ಅಂಗಾಂಗ ಬಿಡಿಬಿಡಿಯಾಗಿ ಕಾಣುತ್ತದೆ.

ಅಚ್ಚು ಮೀರಿದ ಹಾಡುಗಳೂ ಇವೆ. ಕೋಲ್ ಪೋರ್ಟರ್ ಅವರ 'ನೈಟ್ ಅಂಡ್ ಡೇ' 48 ಬಾರ್. ಬರ್ಲಿನ್ ಅವರ 'ಚೀಕ್ ಟು ಚೀಕ್' 72 ಬಾರ್: 16, 16, 8, 8, 8, ಮತ್ತೆ 16. ಆ ಮೂರನೇ ಎಂಟರಲ್ಲಿ ರಾಗದ ಬಣ್ಣ ಒಮ್ಮೆಲೇ ಗಾಢವಾಗುತ್ತದೆ. ನೃತ್ಯದಲ್ಲಿ ಆ ಭಾಗ ಬಂದಾಗ ಏನು ಬದಲಾಗುತ್ತದೆ ಎಂದು ನೀವೇ ನೋಡಿ, ಹೇಳಿಬಿಟ್ಟರೆ ರುಚಿ ಹೋಗುತ್ತದೆ. ವಾಲ್ಟ್ಸ್ ಮಾತ್ರ ಮೂರರ ಎಣಿಕೆ, ಅಲ್ಲಿ ಆದಿ ತಾಳ ಹಾಕಬೇಡಿ.

ಟ್ಯಾಪ್ ಕಿವಿಗೆ ಹತ್ತಬೇಕಾದರೆ ಟೈಮ್ ಸ್ಟೆಪ್ ಅನ್ನುವ ಮೂಲ ಹೆಜ್ಜೆ ಒಂದನ್ನು ಕಲಿತರೂ ಸಾಕು, ಎಲ್ಲ ಕಡೆ ಅದರ ನೆರಳು ಸಿಗುತ್ತದೆ. ಸರಳ ರೂಪ ಹೀಗಿದೆ. ಎಂಟಕ್ಕೆ ಬಲಗಾಲು ನೆಲಕ್ಕೆ ಅಪ್ಪಳಿಸಿ ಎತ್ತಿಬಿಡಿ, ಭಾರ ಹಾಕಬೇಡಿ. ಒಂದಕ್ಕೆ ಎಡಗಾಲ ಮೇಲೆ ಕುಪ್ಪಳಿಕೆ. ಎರಡಕ್ಕೆ ಬಲಗಾಲು ಇಡಿ. ಎರಡೂವರೆಯಿಂದ ಮೂರಕ್ಕೆ ಎಡಗಾಲಿನ ಫ್ಲ್ಯಾಪ್, ಅಂದರೆ ಮುಂಗಾಲು ಸವರಿ ಅಲ್ಲೇ ಇಡುವುದು, ಎರಡು ಸದ್ದು ಬರಬೇಕು. ಮೂರೂವರೆಗೆ ಬಲಗಾಲು. ಆಮೇಲೆ ನಾಲ್ಕಕ್ಕೆ ಎಡಗಾಲು ಅಪ್ಪಳಿಸಿ ಕಾಲು ಬದಲಿಸಿ ಅದೇ ಪುನಃ. ಶುರು ಎಂಟರ ಮೇಲೆ, ಅಂದರೆ ಸಮಕ್ಕೆ ಮುಂಚೆ. ನಮ್ಮ ಲೆಕ್ಕದಲ್ಲಿ ಅತೀತ ಎಡುಪು. ಹೊಸಬರು ಒಂದರಿಂದ ಶುರುಮಾಡಿ ಎಡವುವುದು ಇದನ್ನು ಮರೆತಾಗ. ಹೀಗೆ ಆರು ಬಾರ್ ಆದ ಮೇಲೆ ಎರಡು ಬಾರಿನ ಬ್ರೇಕ್ ಬರುತ್ತದೆ, ನಮ್ಮ ಮುಕ್ತಾಯದ ಹಾಗೆ. ಆರು ಮತ್ತು ಎರಡು ಸೇರಿ ಎಂಟು.

ವೇಗ ಇಳಿಸಿ ನೋಡುವವರಿಗೆ ಒಂದು ಮಾತು. 0.75, 0.5ರಲ್ಲಿ ಟ್ಯಾಪ್ ಸದ್ದು ಬಿಡಿಬಿಡಿಯಾಗಿ ಕೇಳುತ್ತದೆ. 0.25ಕ್ಕೆ ಇಳಿಸಿದರೆ ಯೂಟ್ಯೂಬ್ ಸದ್ದನ್ನು ಎಳೆದು ಗೊಜ್ಜು ಮಾಡುತ್ತದೆ, ಅಲ್ಲಿ ಕಿವಿ ಮುಚ್ಚಿ ಕಣ್ಣಿನಿಂದ ಮಾತ್ರ ನೋಡುವುದು.

ಪಾದರಸ

ಫ್ರೆಡ್–ಜಿಂಜರ್ ಬಗ್ಗೆಯೇ ಮಾತಾಡುತ್ತಿದ್ದೀರಿ, ಶುದ್ಧ ಟ್ಯಾಪ್ ಬೇಕಾದವರು ನೋಡಬೇಕಾದ್ದು ಎಲೆನರ್ ಪವೆಲ್ ಅವರನ್ನು. 'ಬ್ರಾಡ್‌ವೇ ಮೆಲೊಡಿ ಆಫ್ 1940' ಚಿತ್ರದ 'ಬಿಗಿನ್ ದ ಬಿಗೀನ್'. ಅಸ್ಟೇರ್ ಜೊತೆ ಅವರು ಮಾಡಿದ್ದು ಅದೊಂದೇ ಚಿತ್ರ. ಹಾಡು ಕೋಲ್ ಪೋರ್ಟರ್ ಅವರ 108 ಬಾರಿನ ದೈತ್ಯ. ಎರಡು ಭಾಗಗಳಿವೆ: ಮೊದಲನೆಯದು ಸ್ಪ್ಯಾನಿಷ್ ಛಾಯೆಯದು, ಎರಡನೆಯದು ಕನ್ನಡಿಯಂತೆ ಹೊಳೆಯುವ ನೆಲದ ಮೇಲೆ ಜಾಝ್‌ನ ಸ್ವಿಂಗ್ ಲಯದಲ್ಲಿ. ಹುಡುಕಿದಾಗ ಹೆಚ್ಚಾಗಿ ಸಿಗುವುದು ಎರಡನೆಯದು, ಸುಮಾರು ಮೂರು ನಿಮಿಷದ್ದು.

ಅದರ ನಡುವೆ ವಾದ್ಯಗಳೆಲ್ಲ ನಿಂತು ಬರೀ ಇಬ್ಬರ ಕಾಲಿನ ಸದ್ದು ಉಳಿಯುವ ಜಾಗವಿದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಒಬ್ಬರು ಒಂದು ಜತಿ ಇಡುತ್ತಾರೆ, ಇನ್ನೊಬ್ಬರು ಅದಕ್ಕೆ ಉತ್ತರ ಕೊಡುತ್ತಾರೆ, ಆಮೇಲೆ ಇಬ್ಬರೂ ಸೇರಿ. ಇಬ್ಬರ ಟ್ಯಾಪ್ ಒಂದರ ಮೇಲೊಂದು ಬಿದ್ದಾಗ ಒಂದೇ ಸದ್ದು ಕೇಳುತ್ತದೆ, ಒಡೆಯುವುದಿಲ್ಲ. ಒಬ್ಬರ ಮೈ ಇನ್ನೊಬ್ಬರ ಮೈಗೆ ತಾಗುವುದೇ ಅಪರೂಪ, ಆದರೂ ಜೋಡಿ ಅಂದರೆ ಇದು. ಪವೆಲ್ ಸೊಂಟದಿಂದ ಮೇಲೆ ಎಷ್ಟು ಸಡಿಲ, ಪಾದ ನೆಲಕ್ಕೆ ಎಷ್ಟು ಹತ್ತಿರ ನೋಡಿ. ಕಾಲು ಎತ್ತರ ಎತ್ತಿದಷ್ಟೂ ಸದ್ದು ಜೋರು, ವೇಗ ಕಮ್ಮಿ. ಅವರದು ಅರ್ಧ ಅಂಗುಲದ ಕೆಲಸ.

ಜಿಂಜರ್ ಒಳ್ಳೆಯ ನಟಿ. ಆದರೆ ಕಾಲಿನ ಕೆಲಸದಲ್ಲಿ ಪವೆಲ್ ಪಕ್ಕ ನಿಲ್ಲಲಾರರು. ಚಿತ್ರದಲ್ಲಿ ಕೇಳುವ ಜಿಂಜರ್ ಟ್ಯಾಪ್ ಎಷ್ಟೋ ಕಡೆ ಅವರದೂ ಅಲ್ಲ, ಅಸ್ಟೇರ್ ಜೊತೆ ನೃತ್ಯ ಕಟ್ಟುತ್ತಿದ್ದ ಹರ್ಮಿಸ್ ಪ್ಯಾನ್ ಆಮೇಲೆ ಹಾಕಿದ್ದು.

ಹೆಜ್ಜೆಗುರುತು

ಪಾದರಸ ಅವರೇ, ಸದ್ದಿನ ವಿಚಾರ ನಿಜ. ಅದರಿಂದ ನೀವು ತೆಗೆದ ತೀರ್ಮಾನ ಒಪ್ಪಲಾರೆ. ಆಗ ಸಂಗೀತವನ್ನು ಮೊದಲೇ ಧ್ವನಿಮುದ್ರಿಸಿ, ಅದನ್ನು ಹಾಕಿಕೊಂಡು ಕುಣಿದು, ಟ್ಯಾಪ್ ಸದ್ದನ್ನು ಆಮೇಲೆ ಸೇರಿಸುವುದು ರೂಢಿ. ಅಸ್ಟೇರ್ ಕೂಡ ತನ್ನ ಟ್ಯಾಪನ್ನು ಆಮೇಲೇ ಹಾಕುತ್ತಿದ್ದರು. ಪ್ಯಾನ್ ಮೊದಲಿಂದಲೂ ಆ ಕೆಲಸದೊಳಗೇ ಇದ್ದವರು: ಅಸ್ಟೇರ್ ಹೆಜ್ಜೆ ಕಟ್ಟುವಾಗ ಪ್ಯಾನ್ ಜಿಂಜರ್ ಜಾಗದಲ್ಲಿ ನಿಲ್ಲುವುದು, ಆಮೇಲೆ ಜಿಂಜರ್‌ಗೆ ಕಲಿಸುವಾಗ ಅಸ್ಟೇರ್ ಜಾಗದಲ್ಲಿ ನಿಲ್ಲುವುದು. ಆದ್ದರಿಂದ ಅವಳ ಹೆಜ್ಜೆ ಅವರಿಗೆ ಬಾಯಿಪಾಠ. ಹೀಗೆ ಸೇರಿಸದ ಒಂದು ನೃತ್ಯ ಕೇಳಬೇಕಾದರೆ 'ರಾಬರ್ಟಾ' (1935) ಚಿತ್ರದ 'ಐ ವಿಲ್ ಬಿ ಹಾರ್ಡ್ ಟು ಹ್ಯಾಂಡಲ್' ಹಾಕಿ. ಅಲ್ಲಿ ಮರದ ನೆಲದ ಮೇಲೆ ಬಿದ್ದ ಸದ್ದನ್ನೇ ಚಿತ್ರೀಕರಣದಲ್ಲಿ ಹಿಡಿದಿದ್ದಾರೆ, ಜಿಂಜರ್ ನಗುವೂ ಕೇಳುತ್ತದೆ. ಇಬ್ಬರೂ ಕಾಲಿನಲ್ಲೇ ಹರಟೆ ಹೊಡೆಯುತ್ತಾರೆ. ಆ ಸವಾಲು–ಜವಾಬು ಕೇಳಿದ ಮೇಲೆ ಅವರ ಕಾಲನ್ನು ಕಡಿಮೆ ಅನ್ನುವುದು ಕಷ್ಟ.

ಮುಖ್ಯ ಮಾತು ಇದಲ್ಲ. 'ಸ್ವಿಂಗ್ ಟೈಮ್'ನ 'ನೆವರ್ ಗೊನ್ನಾ ಡಾನ್ಸ್' ಅನ್ನು ಪವೆಲ್ ಮಾಡಲಾಗುತ್ತಿರಲಿಲ್ಲ. ಜಿಂಜರ್ ಪಾತ್ರ ಬೇರೊಬ್ಬನನ್ನು ಮದುವೆಯಾಗುವವಳು, ಇದು ಬೀಳ್ಕೊಡುಗೆ. ಇಬ್ಬರೂ ಮೊದಲು ಬರೀ ನಡೆಯುತ್ತಾರೆ. ಆ ನಡಿಗೆಯೇ ಯಾವ ಕ್ಷಣದಲ್ಲಿ ನೃತ್ಯವಾಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಚಿತ್ರದಲ್ಲಿ ಹಿಂದೆ ಬಂದ ಹಾಡುಗಳ ಮಟ್ಟುಗಳು ಒಂದೊಂದಾಗಿ ಬಂದುಹೋಗುತ್ತವೆ. ಅವಳ ಮೈ ಹೋಗಬೇಕು ಅನ್ನುತ್ತದೆ, ತೋಳು ಮಾತ್ರ ಹಿಂದೆ ಉಳಿಯುತ್ತದೆ. ಕೊನೆಗೆ ಇಬ್ಬರೂ ಬೇರೆ ಬೇರೆ ಮೆಟ್ಟಿಲಿನಿಂದ ಮೇಲಕ್ಕೆ ಹೋಗಿ, ಅಲ್ಲಿ ಅವಳು ಸರಸರ ಸುತ್ತಿ ಹೊರಟೇ ಹೋಗುತ್ತಾಳೆ. ಮೇಲೆ ತಲುಪಿದಾಗ ಒಂದು ಕಟ್ ಇದೆ, ಕ್ಯಾಮೆರಾ ಎತ್ತರದ ಕಾರಣಕ್ಕೆ. ಈ ಭಾಗಕ್ಕೆ ನಲವತ್ತಕ್ಕೂ ಹೆಚ್ಚು ಟೇಕ್ ಆಗಿ ಜಿಂಜರ್ ಶೂ ಒಳಗೆ ರಕ್ತ ಬಂದದ್ದು ಪ್ರಸಿದ್ಧ ಸಂಗತಿ. ಪರದೆಯ ಮೇಲೆ ಅದರ ಸುಳಿವು ಹುಡುಕಿದರೂ ಸಿಗುವುದಿಲ್ಲ.

ಇನ್ನೊಂದು ವಿಷಯ. ಅಸ್ಟೇರ್ ಮಾಡಿದ್ದನ್ನೆಲ್ಲ ಜಿಂಜರ್ ಹಿಮ್ಮುಖವಾಗಿ, ಹೈಹೀಲ್ಸ್ ಹಾಕಿಕೊಂಡು ಮಾಡಿದಳು ಅನ್ನುವ ಮಾತು ಪ್ರತಿ ವಿಡಿಯೊದ ಕೆಳಗೂ ಇರುತ್ತದೆ. ಅದು 1982ರಲ್ಲಿ ಬಾಬ್ ಥೇವ್ಸ್ ಬರೆದ 'ಫ್ರಾಂಕ್ ಅಂಡ್ ಅರ್ನೆಸ್ಟ್' ವ್ಯಂಗ್ಯಚಿತ್ರದ್ದು. ಅವಳ ಹೆಗ್ಗಳಿಕೆಗೆ ಅದು ಸಾಲದು ಕೂಡ. ಅವರ ನೃತ್ಯಗಳಲ್ಲಿ ಅರ್ಧಕ್ಕರ್ಧ ಇಬ್ಬರೂ ಪಕ್ಕಪಕ್ಕದಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿ, ಸರಿಸಮವಾಗಿ ಕುಣಿಯುತ್ತಾರೆ.

ಪಾದರಸ

'ನೆವರ್ ಗೊನ್ನಾ ಡಾನ್ಸ್' ಮಟ್ಟಿಗೆ ಒಪ್ಪಿದೆ. ಲಯದ ಕಸುಬಿನಲ್ಲಿ ಪವೆಲ್ ಮೊದಲು ಅನ್ನುವುದನ್ನು ಮಾತ್ರ ಬಿಡುವುದಿಲ್ಲ.

ಸರಿಗಮ_ಶಿರಸಿ

ಒಂದು ತಾಂತ್ರಿಕ ತೊಂದರೆ: ಕಾಲು ನೆಲಕ್ಕೆ ಬೀಳುವುದೇ ಒಂದು ಕ್ಷಣ, ಟ್ಯಾಪ್ ಕೇಳುವುದೇ ಇನ್ನೊಂದು ಕ್ಷಣ ಅನ್ನಿಸುತ್ತದೆ. ಮುಂಚಿನವರು ಆಮೇಲೆ ಸೇರಿಸಿದ ಸದ್ದು ಅಂದಿರಲ್ಲ, ಅದಕ್ಕೇ ಹೀಗೆಯೇ?

ರೀಲುಡಬ್ಬಿ

ಅಲ್ಲ ಸರ್. ಅವರು ಕೂಡಿಸಿದ್ದು ಕರಾರುವಾಕ್ಕಾಗಿದೆ. ತಪ್ಪು ಈಚೆ ಬದಿಯದು. ಬ್ಲೂಟೂತ್ ಹೆಡ್‌ಫೋನ್ ಆದರೆ ಮೊದಲು ಅದನ್ನೇ ಅನುಮಾನಿಸಿ. ಅದರಲ್ಲಿ ಸದ್ದು 100ರಿಂದ 200 ಮಿಲಿಸೆಕೆಂಡ್ ತಡವಾಗುವುದು ಸಾಮಾನ್ಯ. ಮೊಬೈಲ್ ಆ್ಯಪ್‌ಗಳು ಇದನ್ನು ಲೆಕ್ಕ ಹಾಕಿ ಚಿತ್ರವನ್ನೂ ತಡಮಾಡುತ್ತವೆ, ಟೀವಿ ಮತ್ತು ಹಳೆಯ ಕಂಪ್ಯೂಟರುಗಳು ಎಷ್ಟೋ ಸಲ ಮಾಡುವುದಿಲ್ಲ. ಒಂದು ಚೌಕಟ್ಟು ಅಂದರೆ 42 ಮಿಲಿಸೆಕೆಂಡ್. 125 ಮಿಲಿಸೆಕೆಂಡ್ ತಡವಾದರೆ ಮೂರು ಚೌಕಟ್ಟು, ಅಷ್ಟರಲ್ಲಿ ಮುಂದಿನ ಟ್ಯಾಪೇ ಬಿದ್ದಿರುತ್ತದೆ. ಮಾತಿನ ದೃಶ್ಯದಲ್ಲಿ ಇಷ್ಟು ವ್ಯತ್ಯಾಸ ಸಹಿಸಬಹುದು, ಟ್ಯಾಪಿನಲ್ಲಿ ಎಲ್ಲವೂ ಹಾಳು. ತಂತಿಯ ಇಯರ್‌ಫೋನ್ ಹಾಕಿ ನೋಡಿ. ಆಗಲೂ ತಪ್ಪಿದರೆ ಅಪ್‌ಲೋಡ್ ಮಾಡಿದವರ ಪ್ರತಿಯೇ ಕೆಟ್ಟಿದೆ. ಚಿತ್ರದಲ್ಲಿ ಚಪ್ಪಾಳೆ ತಟ್ಟುವ ಜಾಗ ಹುಡುಕಿ ಪರೀಕ್ಷಿಸಿದರೆ ಬೇಗ ಗೊತ್ತಾಗುತ್ತದೆ.

ಡಿವಿಡಿಯಿಂದ ನೋಡುವವರು ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ಜೆ ಮತ್ತು ಕೆ ಕೀಲಿಗಳಿಂದ ಸದ್ದನ್ನು 50 ಮಿಲಿಸೆಕೆಂಡಿನಂತೆ ಹಿಂದೆ ಮುಂದೆ ಸರಿಸಬಹುದು. ಎ ಕೀಲಿ ಒತ್ತುತ್ತ ಹೋದರೆ ಚಿತ್ರದ ಆಕಾರ ಬದಲಾಗುತ್ತದೆ, ಹಿಗ್ಗಿದ್ದನ್ನು 4:3ಕ್ಕೆ ತಂದರೆ ಸಾಕಷ್ಟು ಹತ್ತಿರ. ಇ ಕೀಲಿ ಒಂದೊಂದು ಚೌಕಟ್ಟು ಮುಂದಕ್ಕೆ.

ಇನ್ನೂ ಒಂದು ಸೂಕ್ಷ್ಮ ಇದೆ. ಯುರೋಪಿನ ಪಾಲ್ (ಅಲ್ಲಿನ ಟೀವಿ ಪದ್ಧತಿ) ಡಿವಿಡಿಗಳಿಂದ ತೆಗೆದ ತುಣುಕುಗಳು 24ರ ಬದಲು 25 ಚೌಕಟ್ಟಿನಲ್ಲಿ ಓಡುತ್ತವೆ, ಶೇ. 4ರಷ್ಟು ವೇಗ. 100 ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತದೆ, ಶ್ರುತಿ ಹತ್ತಿರ ಹತ್ತಿರ ಮುಕ್ಕಾಲು ಅರ್ಧಸ್ವರ ಏರಿರುತ್ತದೆ. ಹಾಡುವ ದನಿ ಕೊಂಚ ಎಳಸಾಗಿ ಕೇಳಿದರೆ ಇದೇ ಕಾರಣ. ಯೂಟ್ಯೂಬಿನಲ್ಲಿ ವೇಗವನ್ನು 0.95 ಮಾಡಿದರೆ ನಡಿಗೆಯ ತೂಕ ಮರಳಿ ಬರುತ್ತದೆ, ಶ್ರುತಿ ಮಾತ್ರ ಹಾಗೇ ಉಳಿಯುತ್ತದೆ.

ಹೆಜ್ಜೆಗುರುತು

ಕೆಲ್ಲಿ–ಶರೀಸ್ ಕೇಳಿದ್ದಿರಿ, ಅದು ಬೇರೆಯೇ ಲೋಕ. ಸಿಡ್ ಶರೀಸ್ ಬ್ಯಾಲೆಯಲ್ಲಿ ಪಳಗಿದವರು, ಬ್ಯಾಲೆ ರೂಸ್ ತಂಡದಲ್ಲಿ ಕುಣಿದವರು. ಅಲ್ಲಿ ಟ್ಯಾಪ್ ಹುಡುಕಬೇಡಿ, ಕಾಲಿನ ರೇಖೆ ನೋಡಿ. 'ಸಿಂಗಿನ್ ಇನ್ ದ ರೇನ್' (1952) ಚಿತ್ರದ ದೊಡ್ಡ ಬ್ಯಾಲೆಯಲ್ಲಿ ಎರಡು ನೃತ್ಯಗಳಿವೆ: ಹಸಿರು ಉಡುಪಿನದು, ಆಮೇಲೆ ಉದ್ದನೆಯ ಬಿಳಿ ವಸ್ತ್ರ ಗಾಳಿಯಲ್ಲಿ ಹಾರುವುದು. ಹೀಲ್ಸ್ ಹಾಕಿದರೆ ಶರೀಸ್ ಕೆಲ್ಲಿಗಿಂತ ಎತ್ತರ. ಅದಕ್ಕೇ ಹಸಿರು ಉಡುಪಿನ ನೃತ್ಯದಲ್ಲಿ ಇಬ್ಬರೂ ನೆಟ್ಟಗೆ ಪಕ್ಕಪಕ್ಕ ನಿಲ್ಲುವ ಕ್ಷಣಗಳು ತೀರ ಕಮ್ಮಿ. ಒಬ್ಬರು ಬಾಗಿರುತ್ತಾರೆ, ಇಲ್ಲ ಮಂಡಿ ಊರಿರುತ್ತಾರೆ. ಗಮನಿಸಿದರೆ ಆ ಅಡಚಣೆಯಿಂದಲೇ ನೃತ್ಯಕ್ಕೆ ಆ ಬಳುಕು ಬಂದಿರುವುದು ಕಾಣುತ್ತದೆ. ಅಸ್ಟೇರ್ ಕ್ಯಾಮೆರಾವನ್ನು ಪ್ರೇಕ್ಷಕನ ಜಾಗದಲ್ಲಿ ಇಡುತ್ತಾರೆ, ಕೆಲ್ಲಿ ಅದನ್ನು ನೃತ್ಯದೊಳಕ್ಕೇ ಎಳೆದುಕೊಳ್ಳುತ್ತಾರೆ. ಆದ್ದರಿಂದ ಇಲ್ಲಿ ಕಟ್ ಎಣಿಸಿ ಅಂಕ ಕೊಡಬಾರದು.

ಶರೀಸ್ ಅವರನ್ನು ಅಸ್ಟೇರ್ ಜೊತೆಗೂ ನೋಡಬೇಕು: 'ದಿ ಬ್ಯಾಂಡ್ ವ್ಯಾಗನ್' (1953), 'ಡ್ಯಾನ್ಸಿಂಗ್ ಇನ್ ದ ಡಾರ್ಕ್', ಸಂಯೋಜನೆ ಮೈಕೆಲ್ ಕಿಡ್. ನನ್ನ ಮಟ್ಟಿಗೆ ಇಡೀ ಪ್ರಕಾರದ ತುತ್ತತುದಿ ಇದು. ಇಬ್ಬರಿಗೂ ಒಟ್ಟಿಗೆ ಕುಣಿಯಲು ಬಂದೀತೋ ಇಲ್ಲವೋ ಅನ್ನುವ ಅಂಜಿಕೆ. ಸೆಂಟ್ರಲ್ ಪಾರ್ಕಿನಲ್ಲಿ ಮಾತಿಲ್ಲದೆ ನಡೆಯುತ್ತಾರೆ, ಬೇರೆಯವರು ಕುಣಿಯುವ ಜಾಗ ದಾಟಿ ಹೋಗುತ್ತಾರೆ. ಅವಳು ನಡೆಯುತ್ತ ನಡೆಯುತ್ತ ಒಂದು ಸುತ್ತು ಹಾಕುತ್ತಾಳೆ, ಅವನು ಅದಕ್ಕೆ ಉತ್ತರಿಸುತ್ತಾನೆ, ಅಲ್ಲಿಗೆ ಶುರು. ಯಾರೂ ಹಾಡುವುದಿಲ್ಲ. ಮುಗಿಯುವುದು ಕುದುರೆಗಾಡಿ ಹತ್ತುವುದರಲ್ಲಿ, ಆ ಹತ್ತುವುದೂ ಎಣಿಕೆಯೊಳಗೇ ಇದೆ.

'ಬ್ರಿಗಡೂನ್' (1954)ನಂಥ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರಗಳಿಗೆ ಮೊದಲು ಹೇಳಿದ ಕಪ್ಪು ಪಟ್ಟಿಯ ನಿಯಮ ತಿರುಗುಮುರುಗು. ಚೌಕಟ್ಟು ಮೊದಮೊದಲು 2.55:1, ಆಮೇಲೆ 2.35:1, ಪಟ್ಟಿ ಮೇಲೆ ಕೆಳಗೆ ಬರಬೇಕು. ಟೀವಿಗಾಗಿ 4:3ಕ್ಕೆ ಕತ್ತರಿಸಿದ ಪ್ರತಿಯಲ್ಲಿ ಅಗಲದ ಸುಮಾರು ಅರ್ಧ ಮಾತ್ರ ಉಳಿದು ಜೋಡಿಯಲ್ಲಿ ಒಬ್ಬರು ಆಚೆ ಹೋಗಿಬಿಡುತ್ತಾರೆ.

ಧಾರವಾಡ_ದುಂದುಭಿ

ನೋಡ್ರಿ, ನಿಕೊಲಸ್ ಅಣ್ಣತಮ್ಮರ ಹೆಸರು ಇನ್ನೂ ಯಾರೂ ತಗೊಂಡಿಲ್ಲ. ಫೆಯಾರ್ಡ್ ಮತ್ತ ಹೆರಾಲ್ಡ್. 'ಸ್ಟಾರ್ಮಿ ವೆದರ್' (1943) ಚಿತ್ರದಾಗ ಕ್ಯಾಬ್ ಕ್ಯಾಲೊವೇ ವಾದ್ಯತಂಡದ ಜೋಡಿ ಮಾಡಿದ 'ಜಂಪಿನ್ ಜೈವ್' ನೋಡಲಿಲ್ಲಂದ್ರ ಈ ಚರ್ಚೆಗೆ ಅರ್ಥ ಇಲ್ಲ. ವಾದ್ಯಗಾರರ ನಡುವ ಜಿಗಿತಾರ, ಆಮ್ಯಾಲೆ ದೊಡ್ಡ ಬಿಳಿ ಮೆಟ್ಟಲ ಮ್ಯಾಲೆ ಒಬ್ಬರ ತಲಿ ಮ್ಯಾಲಿಂದ ಇನ್ನೊಬ್ಬರು ಹಾರಿ, ಕೆಳಗಿನ ಮೆಟ್ಟಲಿಗೆ ಪೂರ್ತಿ ಕಾಲು ಚಾಚಿ ಬೀಳತಾರ. ಬಿದ್ದವರು ಕೈ ಊರದ ಏಳತಾರ. ಅದು ಹೆಂಗ ಅನ್ನೂದನ್ನ 0.5ರಾಗ ನೋಡ್ರಿ: ಎರಡೂ ಕಾಲಿನ ಒಳಸ್ನಾಯು ಬಿಗಿಹಿಡಿದು ನೆಲ ಜಗ್ಗಿಕೊಂಡಂಗ ಮ್ಯಾಲೆ ಬರತಾರ. ಒಂದ ಟೇಕಿನಾಗ ಆಗೇತಿ ಅಂತ ಅವರ ಹೇಳ್ಯಾರ.

ಯಾರೂ ಮನಿಯಾಗ ಪ್ರಯತ್ನ ಮಾಡಬ್ಯಾಡ್ರಿ. ಬೆಚ್ಚಗಾಗದ ಮೈಲೆ ಹಂಗ ಬಿದ್ರ ತೊಡಿ ಹಿಂದಿನ ಸ್ನಾಯು ಕುಂಡಿ ಎಲುಬಿಗೆ ಅಂಟಿದ ಜಾಗದಾಗ ಹರಿತೈತಿ, ತಿಂಗಳಗಟ್ಟಲೆ ಕುಂಡ್ರಾಕ ಆಗಂಗಿಲ್ಲ.

ಇನ್ನೊಂದು ಮಾತು ಹೇಳಲೇಬೇಕ್ರಿ. ಆ ಕಾಲಕ್ಕ ಕಪ್ಪು ಕಲಾವಿದರ ನೃತ್ಯಗಳನ್ನ ಕಥಿಗೆ ಅಂಟಿಸದ ಬ್ಯಾರೆ ಇಡತಿದ್ರು, ಯಾಕಂದ್ರ ಅಮೆರಿಕದ ದಕ್ಷಿಣದ ರಾಜ್ಯಗಳ ಥೇಟರಿನಾಗ ಅದನ್ನಷ್ಟ ಕತ್ತರಿಸಿ ಒಗಿಯಾಕ ಅನುಕೂಲ ಆಗಲಿ ಅಂತ. ಅದಕ್ಕ ಇವರ ತುಣುಕುಗಳಿಗೆ ಹಿಂದಮುಂದಿನ ಮಾತುಕತಿ ಸಿಗೂದಿಲ್ಲ. 'ಹೆಲ್ಜಪಾಪಿನ್' (1941) ಚಿತ್ರದಾಗ ವೈಟೀಸ್ ಲಿಂಡಿ ಹಾಪರ್ಸ್ ಅನ್ನೂ ತಂಡದ ನಾಕು ಜೋಡಿ ಕುಣಿಯೂದು ಹಂಗ, ಸಂಯೋಜನೆ ಫ್ರಾಂಕಿ ಮ್ಯಾನಿಂಗ್. ಅದರ ವೇಗ ನೋಡಿ ಯಾರೋ ಓಡಿಸ್ಯಾರ ಅನ್ನಬ್ಯಾಡ್ರಿ, ಅದು ಅವರದ ವೇಗ.

ತಕಧಿಮಿ

ದುಂದುಭಿ ಸರ್ ಹೇಳಿದ್ದು ಬಹಳ ಮುಖ್ಯ. ಜೊತೆಗೆ ಹೊಸಬರಿಗೆ ಒಂದು ಮುನ್ಸೂಚನೆ: 'ಸ್ವಿಂಗ್ ಟೈಮ್'ನಲ್ಲೇ 'ಬೊಜಾಂಗಲ್ಸ್ ಆಫ್ ಹಾರ್ಲೆಮ್' ಅನ್ನುವ ನೃತ್ಯದಲ್ಲಿ ಅಸ್ಟೇರ್ ಮುಖಕ್ಕೆ ಕಪ್ಪು ಬಳಿದುಕೊಂಡಿದ್ದಾರೆ. ಕಪ್ಪು ನರ್ತಕರಿಗೆ ಗೌರವ ಅಂತ ಮಾಡಿದ್ದು, ಆದರೂ ಆ ಬಣ್ಣ ಅವಮಾನದ ಪರಂಪರೆಯದು. ಗೊತ್ತಿದ್ದೇ ನೋಡಬೇಕು. ಮೂಲ ಬಿಲ್ 'ಬೊಜಾಂಗಲ್ಸ್' ರಾಬಿನ್ಸನ್ ಅವರನ್ನೇ ನೋಡಬೇಕಾದರೆ 'ದಿ ಲಿಟ್ಲ್ ಕರ್ನಲ್' (1935) ಚಿತ್ರದಲ್ಲಿ ಪುಟ್ಟ ಶರ್ಲಿ ಟೆಂಪಲ್ ಜೊತೆ ಮೆಟ್ಟಿಲ ಮೇಲಿನ ನೃತ್ಯವಿದೆ. ಮೈ ನೆಟ್ಟಗೆ, ಭಾರವೆಲ್ಲ ಮುಂಗಾಲ ಮೇಲೆ, ಒಂದೊಂದು ಮೆಟ್ಟಿಲಿಗೂ ಒಂದೊಂದು ನಾದ.

ಸರಿಗಮ_ಶಿರಸಿ

ವಯರ್ ಹಾಕಿ ನೋಡಿದೆ, ಸರಿಯಾಯಿತು. ಟೈಮ್ ಸ್ಟೆಪ್ ಮನೆಯಲ್ಲೇ ಅಭ್ಯಾಸ ಮಾಡಬಹುದೇ?

ತಕಧಿಮಿ

ಮಾಡಬಹುದು ಸರ್, ಟೈಲ್ಸ್ ಮೇಲೆ ಮಾತ್ರ ಬೇಡ. ನಮ್ಮ ಮನೆಗಳ ವಿಟ್ರಿಫೈಡ್ ಟೈಲ್ಸ್ ಕೆಳಗೆ ನೇರ ಕಾಂಕ್ರೀಟು, ಒಂದಿಷ್ಟೂ ಬಳುಕುವುದಿಲ್ಲ. ಪೆಟ್ಟೆಲ್ಲ ಮೊಣಕಾಲಿಗೂ ಮುಂಗಾಲಿನ ಮೂಳೆಗೂ ವಾಪಸ್ ಬರುತ್ತದೆ. ಲೋಹದ ಟ್ಯಾಪ್ ಹಾಕಿದ ಶೂ ಆದರೆ ಜಾರುವುದೂ ಗ್ಯಾರಂಟಿ. 8×4 ಅಡಿಯ 18 ಎಂಎಂ ಪ್ಲೈವುಡ್ ಹಾಳೆಯಲ್ಲಿ ಅರ್ಧ ಕತ್ತರಿಸಿಕೊಂಡರೆ 4×4 ಅಡಿಯ ಹಲಗೆ ಸಿಗುತ್ತದೆ, ಕೆಳಗೆ ರಬ್ಬರ್ ಮ್ಯಾಟ್ ಹಾಸಿ. ಕೆಳಗಿನ ಮನೆಯವರಿಗೂ ಸದ್ದು ಕಮ್ಮಿಯಾಗುತ್ತದೆ. ಶುರುವಿನಲ್ಲಿ ಗಟ್ಟಿ ಅಡಿಯ ಚರ್ಮದ ಶೂ ಸಾಕು. ಸ್ಪೋರ್ಟ್ಸ್ ಶೂ ರಬ್ಬರ್ ನೆಲ ಕಚ್ಚುತ್ತದೆ, ಫ್ಲ್ಯಾಪ್ ಬರುವುದಿಲ್ಲ. ಮೊಣಕಾಲು ಸದಾ ಕೊಂಚ ಮಡಿದಿರಲಿ, ಹಿಮ್ಮಡಿ ಸಡಿಲ ಇರಲಿ. ಸದ್ದು ಬರುತ್ತಿಲ್ಲ ಅಂತ ಬಲ ಹಾಕಿದಷ್ಟೂ ಹಿಮ್ಮಡಿ ಬಿಗಿದು ಎರಡು ಸದ್ದು ಒಂದಾಗುತ್ತದೆ.

ಮ್ಯಾಟಿನಿ_ಮಲ್ಲಿಗೆ

ಇಡೀ ಚಿತ್ರ ಸಿಗುವಂಥದ್ದು ಯಾವುದಾದರೂ ಇದೆಯೇ? ತುಣುಕು ತುಣುಕಾಗಿ ನೋಡಿ ಸಾಕಾಯಿತು.

ರೀಲುಡಬ್ಬಿ

'ರಾಯಲ್ ವೆಡಿಂಗ್' (1951) ನೋಡಿ ಮೇಡಂ, ಅಸ್ಟೇರ್ ಮತ್ತು ಜೇನ್ ಪವೆಲ್ ಅಣ್ಣ–ತಂಗಿಯಾಗಿ. ಅದರ ಹಕ್ಕುಸ್ವಾಮ್ಯ ನವೀಕರಿಸದೆ ಬಿಟ್ಟದ್ದರಿಂದ ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತಾಗಿದೆ, ಹಾಗಾಗಿ ಪೂರ್ತಿ ಚಿತ್ರ ಸುಲಭವಾಗಿ ಸಿಗುತ್ತದೆ. ಅದೇ ಕಾರಣಕ್ಕೆ ಬಣ್ಣ ಮಾಸಿದ ಕೆಟ್ಟ ಪ್ರತಿಗಳೂ ಬೇಕಾದಷ್ಟಿವೆ, ನಾಲ್ಕೈದು ತೆರೆದು ನೋಡಿ ಚೆನ್ನಾಗಿರುವುದನ್ನು ಆರಿಸಿಕೊಳ್ಳಿ. ಹಡಗು ತೂಗಾಡುವಾಗ ಇಬ್ಬರೂ ಕುಣಿಯುವ ದೃಶ್ಯದಲ್ಲಿ ನೆಲ ವಾಲಿದಾಗ ಭಾರವನ್ನು ಯಾವ ಕಾಲಿಗೆ ಬದಲಿಸುತ್ತಾರೆ ನೋಡಿ.

ಫ್ರೆಡ್–ಜಿಂಜರ್ ಒಟ್ಟಿಗೆ ಮಾಡಿದ್ದು ಹತ್ತು ಚಿತ್ರ, 1933ರಿಂದ 1939ರವರೆಗೆ ಆರ್‌ಕೆಓದಲ್ಲಿ ಒಂಬತ್ತು, 1949ರಲ್ಲಿ ಎಂಜಿಎಂನಲ್ಲಿ ಬಣ್ಣದ್ದು ಒಂದು. ಅವೆಲ್ಲ ಅಮೆರಿಕದಲ್ಲಿ ಇನ್ನೂ ಹಕ್ಕಿನೊಳಗಿವೆ, ಹಾಗಾಗಿ ಯಾರೋ ಹಾಕಿದ ಪೂರ್ತಿ ಚಿತ್ರ ಇವತ್ತು ಇದ್ದರೆ ನಾಳೆ ಇರುವುದಿಲ್ಲ. ಪದೇಪದೇ ನೋಡುವ ಮನಸ್ಸಿದ್ದರೆ 'ಸ್ವಿಂಗ್ ಟೈಮ್' ಬ್ಲೂರೇ ತರಿಸಿಕೊಳ್ಳಿ. ಕ್ರೈಟೀರಿಯನ್ ಕಂಪನಿ 2019ರಲ್ಲಿ ಹೊರತಂದದ್ದರಲ್ಲಿ ಶೂ ಅಂಚು ಕೂಡ ಸ್ಪಷ್ಟ.

ಮ್ಯಾಟಿನಿ_ಮಲ್ಲಿಗೆ

ಕಟಕಟೆ ಹಾರುವ ಭಾಗವನ್ನಷ್ಟೇ ಮತ್ತೆ ಮತ್ತೆ ನೋಡಲು ದಾರಿ ಇದೆಯೇ?

ರೀಲುಡಬ್ಬಿ

ಕಂಪ್ಯೂಟರಿನಲ್ಲಿ ವಿಡಿಯೊ ಮೇಲೆ ಬಲಗುಂಡಿ ಒತ್ತಿದರೆ ಲೂಪ್ ಇರುತ್ತದೆ, ಅದು ಇಡೀ ವಿಡಿಯೊಗೆ. ಸಣ್ಣ ಭಾಗಕ್ಕೆ ಎಡಬಾಣದ ಕೀಲಿ ಸುಲಭ, ಒಂದು ಸಲ ಒತ್ತಿದರೆ 5 ಸೆಕೆಂಡ್ ಹಿಂದೆ. ಜೆ ಒತ್ತಿದರೆ 10 ಸೆಕೆಂಡ್. ಆ ನೆಗೆತಗಳಿಗೆ ಜೆ ಎರಡು ಸಲ ಒತ್ತಿ, ಅವರು ಕಟಕಟೆಯ ಕಡೆ ತಿರುಗುವಲ್ಲಿಂದ ನೋಡಿ. ಮೊಣಕಾಲು ಮಡಿಯುವ ಸಿದ್ಧತೆ ಅಲ್ಲೇ ಇದೆ.